ಅಧ್ಯಕ್ಷರು ಬಸ್ಸು ಹತ್ತಿದ ದಿನ

ಅಡುಗೆಯವನು ಕೈ ಒರೆಸಿಕೊಳ್ಳುತ್ತ ಬಂದು ಕಾರಿನ ಪಕ್ಕದಲ್ಲಿ ನಿಂತ ರೀತಿಯಲ್ಲೇ ಸುದ್ದಿ ಒಳ್ಳೆಯದಲ್ಲವೆಂಬುದು ತಿಳಿಯುತ್ತಿತ್ತು.

"ಚೆನ್ನಾಗಿ ಒರೆಸಪ್ಪ. ಕೊಳ್ಳೋರು ಬಂದಾಗ ಹೊಳೀತಿರ್ಲಿ."

"ಯಾರು ಕೊಳ್ಳೋರು?" ಎಂದ ಸಾರಥಿ. ಅದು ಅವನ ಹೆಸರಲ್ಲ. ಪಕ್ಷದ ಅಧ್ಯಕ್ಷರ ಕಾರು ಓಡಿಸುವುದರಿಂದ ಆ ಮನೆಯಲ್ಲಿ ಎಲ್ಲರೂ ಹಾಗೆ ಕರೆಯುತ್ತಿದ್ದರು.

"ನಿನ್ನೆ ಸಭೇಲಿ ಕಾಫಿ ಕೊಡ್ತಿದ್ದೆ. ಪಕ್ಷದ ಹೊಸ ನೀತಿ ಓದ್ತಿದ್ರು. ಪ್ರಾಂತ್ಯದ ಊರೂರಿಗೂ ಬಸ್ಸಂತೆ, ರಸ್ತೆ ಬದಿಗೆಲ್ಲ ಮರವಂತೆ, ಹೊಗೆ ಉಗುಳೋ ಗಾಡಿ ಕಮ್ಮಿ ಆಗ್ಬೇಕಂತೆ. ಮೊದಲು ನಾಯಕರೇ ಕಾರು ಬಿಟ್ಟು ತೋರಿಸ್ಬೇಕು ಅಂತ ಓದಿದ್ದನ್ನ ನಾನೇ ಕೇಳ್ದೆ."

ಗೇಟಿನ ಕಾವಲುಗಾರನೂ ಬಂದು ಸೇರಿಕೊಂಡ. "ಅದಕ್ಕೇ ಇವತ್ತು ಸಭೆಗೆ ಯಜಮಾನ್ರು ಬಸ್ಸಲ್ಲಿ ಹೋಗ್ತಿರೋದು. ಕಾರೇ ಹೋದ್ಮೇಲೆ ಡ್ರೈವರನ್ನ ಇಟ್ಕೊಂಡು ಉಪ್ಪಿನಕಾಯಿ ಹಾಕ್ತಾರಾ?"

ಸಾರಥಿಯ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಸ್ಟಿಯರಿಂಗ್ ಹಿಡಿಯುವುದೊಂದನ್ನು ಬಿಟ್ಟು ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಮನೆಯಲ್ಲಿ ಓದುವ ಹೆಣ್ಣುಮಕ್ಕಳಿದ್ದರು. ದಿಕ್ಕಿಲ್ಲದೆ ಅಲೆಯುತ್ತಿದ್ದ ಅವನನ್ನು ಕರೆತಂದು ಈ ಕೆಲಸಕ್ಕೆ ಇಟ್ಟವರು ಅಧ್ಯಕ್ಷರ ಹೆಂಡತಿ. ಆ ತಾಯಿ ಉಸಿರಿನ ಕಾಯಿಲೆಯಿಂದ ನರಳಿ ದೇವರ ಪಾದ ಸೇರಿದ್ದರು. ಪ್ರತಿದಿನ ಕಾರು ಹೊರಡಿಸುವ ಮುಂಚೆ ಅವರನ್ನು ಒಮ್ಮೆ ನೆನೆಯುವುದು ಅವನ ವಾಡಿಕೆ. ಅವರು ಹೋದ ಮೇಲೆ ಅಧ್ಯಕ್ಷರ ನಗು ಹೇಗಿತ್ತೆಂಬುದೇ ಮನೆಯವರಿಗೆ ಮರೆತುಹೋಗಿತ್ತು. ಗಾಳಿ, ಹೊಗೆ, ಮರಗಳ ವಿಚಾರವನ್ನೆಲ್ಲ ನೀತಿಯಲ್ಲಿ ಅವರೇ ಕುಳಿತು ಬರೆದಿದ್ದರು.

ಬರೆಯಲಿ, ಆದರೆ ಕಾರು ಬಿಡುವ ಮಾತು ಮಾತ್ರ ಹೋಗಬೇಕು. ಸಾರಥಿ ಯೋಚಿಸಿದ. ಯಜಮಾನರು ಮೆತ್ತನೆಯ ಸೀಟಿನಲ್ಲಿ ಕೂತು ಅಭ್ಯಾಸವಾದವರು. ಇವತ್ತು ಒಂದು ಸಲ ಸರಿಯಾಗಿ ಬೆವರಿಳಿಸಿದರೆ ನಾಳೆ ಅವರೇ ಕಾರಿನ ಬಾಗಿಲು ತೆಗೆದುಕೊಂಡು ಕೂರುತ್ತಾರೆ.

ಪಕ್ಷದ ಕಾರ್ಯದರ್ಶಿ ಬಂದು ಅವನಿಗೆ ವಿವರವಾಗಿ ಹೇಳಿದರು. "ಎದುರಿಗಿನ ನಿಲ್ದಾಣದಲ್ಲಿ ಹತ್ತಿಸು. ಅಲ್ಲಿ ಬಸ್ಸು ಖಾಲಿ ಬರುತ್ತೆ, ಕೂತ್ಕೊಂಡು ಹಾಯಾಗಿ ಬರಲಿ. ಸಭಾಂಗಣದ ಮುಂದೆ ಫೋಟೋದವರು ಇರ್ತಾರೆ."

ಸಾರಥಿ ತಲೆಯಾಡಿಸಿ, ಅಧ್ಯಕ್ಷರನ್ನು ಹಿಂದಿನ ಬೀದಿಯ ಮಾರುಕಟ್ಟೆಯ ನಿಲ್ದಾಣಕ್ಕೆ ಕರೆದುಕೊಂಡು ಹೋದ.

ಬಸ್ಸು ಹೊಟ್ಟೆ ಬಿರಿಯ ಮೇದ ಎಮ್ಮೆಯಂತೆ ಒಂದು ಕಡೆಗೆ ವಾಲಿಕೊಂಡು ಬಂದಿತು. ಹತ್ತುವಾಗಲೇ ಅಧ್ಯಕ್ಷರ ಅಂಗಿಯ ಗುಂಡಿಯೊಂದು ಯಾರದೋ ಚೀಲಕ್ಕೆ ಸಿಕ್ಕಿ ಕಿತ್ತುಹೋಯಿತು.

"ಒಳಗೆ ಹೋಗಿ ಸ್ವಾಮಿ, ಒಳಗೆ ಜಾಗ ಬೇಕಾದಷ್ಟಿದೆ," ಎಂದ ಕಂಡಕ್ಟರ್.

"ಎಲ್ಲಿದೆ?"

"ಮುಂದಿರೋರ ಹೆಗಲ ಮೇಲೆ."

ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ಅಧ್ಯಕ್ಷರನ್ನು ಮೇಲಿಂದ ಕೆಳಗೆ ನೋಡಿ, ಕೋಳಿಯಿದ್ದ ಬುಟ್ಟಿಯನ್ನು ಅವರ ಕೈಗೆ ಕೊಟ್ಟಳು. "ಸ್ವಲ್ಪ ಹಿಡ್ಕೊಳ್ಳಪ್ಪ. ನಾನು ಕಂಬಿ ಹಿಡೀಬೇಕು. ನೀನು ಬಿದ್ರೂ ಏನಾಗಲ್ಲ, ನನ್ನ ಮೂಳೆ ಹಳೇದು."

ಕೋಳಿ ಅಧ್ಯಕ್ಷರ ಎರಡನೆಯ ಗುಂಡಿಯನ್ನು ಕುಕ್ಕತೊಡಗಿತು. ಸಾರಥಿಗೆ ಒಳಗೊಳಗೇ ಹಿಗ್ಗು. ಮುಖದಲ್ಲಿ ಮಾತ್ರ ಕನಿಕರ ತಂದುಕೊಂಡು ಕೇಳಿದ. "ಇಳಿದುಬಿಡೋಣವಾ ಸಾರ್? ಹೋಗಿ ಕಾರು ತರ್ತೀನಿ."

"ಸುಮ್ಮನಿರು. ಅಜ್ಜಿ ಏನೋ ಕೇಳ್ತಿದ್ದಾರೆ."

ಅಜ್ಜಿ ಕೇಳುತ್ತಿದ್ದಳು. "ಗುಂಡಿ ಇಲ್ಲದ ಅಂಗಿ ಹಾಕಿ ಕಳಿಸಿದ್ದಾಳಲ್ಲ, ನಿನ್ನ ಹೆಂಡ್ತಿ ನೋಡ್ಲಿಲ್ವಾ?"

"ಅವಳಿಲ್ಲಮ್ಮ. ಉಸಿರಿನ ಕಾಯಿಲೇಲಿ ಹೋದಳು."

"ನಮ್ಮನೆಯವರೂ ಹಾಗೇ ಹೋದ್ರು. ಕೊನೇಲಿ ಕಿಟಕಿ ತೆಗಿ ಅಂತಾರೆ, ತೆಗೆದ್ರೆ ಹೊಗೆ ಬರುತ್ತೆ. ಏನ್ಮಾಡೋದು. ಹೇಳು, ಹೇಗಿದ್ಲು ನಿನ್ನ ಹೆಂಡ್ತಿ?"

ಹಾಗೆಂದು ಯಾರೂ ಅವರನ್ನು ಕೇಳಿರಲಿಲ್ಲ. ಸಂತಾಪ ಹೇಳಲು ಬಂದವರು ಸಂತಾಪ ಹೇಳಿ ಹೋಗಿದ್ದರು, ಅಷ್ಟೆ. ಬುಟ್ಟಿಯನ್ನು ಎದೆಗವಚಿಕೊಂಡು, ಯಾರದೋ ಮೊಣಕೈ ಬೆನ್ನಿಗೆ ಚುಚ್ಚುತ್ತಿರುವಾಗ, ಅಧ್ಯಕ್ಷರು ಹೆಂಡತಿಯ ವಿಷಯ ಹೇಳಿದರು. ಅವಳ ಕೋಪ, ಅವಳ ಹಾಡು, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಿದ್ದುದು. ಸುತ್ತಲಿನವರು ಜಾಗ ಮಾಡಲಾಗದಿದ್ದರೂ ಕಿವಿ ಕೊಟ್ಟರು. ಸಾರಥಿಯೂ ಆ ತಾಯಿಯನ್ನು ನೆನೆದುಕೊಂಡ. ಆದರೆ ಹೊಟ್ಟೆಯ ಪ್ರಶ್ನೆ ದೊಡ್ಡದು. ಇಷ್ಟು ಸಾಲದೆಂದು ತೀರ್ಮಾನಿಸಿ, ಅಧ್ಯಕ್ಷರನ್ನು ನಡುದಾರಿಯಲ್ಲಿ ಇಳಿಸಿ, ಗುಡ್ಡ ಹತ್ತಿ ಹೋಗುವ ಹಳೆಯ ಬಸ್ಸಿಗೆ ಹತ್ತಿಸಿದ.

ಅದು ಅವನನ್ನು ನಿರಾಸೆಗೊಳಿಸಲಿಲ್ಲ. ಅರ್ಧ ಏರಿ, ದಮ್ಮು ಹತ್ತಿದವರಂತೆ ಕೆಮ್ಮಿ ನಿಂತುಬಿಟ್ಟಿತು.

"ಗಂಡಸರೆಲ್ಲ ಇಳಿದು ತಳ್ಳಿ," ಎಂದ ಆ ಬಸ್ಸಿನ ಡ್ರೈವರ್.

ಅಧ್ಯಕ್ಷರು ಎಲ್ಲರಿಗಿಂತ ಮೊದಲು ಇಳಿದು ಹಿಂದೆ ಹೋಗಿ ತಳ್ಳಲು ಕೈಹಚ್ಚಿದರು. ಬಸ್ಸು ಸ್ವಲ್ಪ ಮಿಸುಕಿತು, ಗೊಣಗಿತು, ಆಮೇಲೆ ಒಮ್ಮೆಲೇ ಕಪ್ಪು ಹೊಗೆ ಕಾರಿ ಹೊರಟಿತು. ಹೊಗೆ ತಿಳಿಯಾದಾಗ ಅಧ್ಯಕ್ಷರ ಮುಖದಲ್ಲಿ ಕಣ್ಣು ಮತ್ತು ಹಲ್ಲು ಮಾತ್ರ ಬೆಳ್ಳಗಿದ್ದವು. ಅವರು ಸಾರಥಿಯತ್ತ ತಿರುಗಿದರು. ಅವನ ಮುಖವೂ ಹಂಚಿನ ತಳದಂತಾಗಿತ್ತು.

ಅಧ್ಯಕ್ಷರು ನಕ್ಕರು. ಮೊದಲು ಮೆಲ್ಲಗೆ, ಆಮೇಲೆ ಮೊಣಕಾಲು ಹಿಡಿದುಕೊಂಡು. ಜೊತೆಗೆ ತಳ್ಳಿದವರೂ ನಕ್ಕರು. ಸಾರಥಿ ತನ್ನ ಹೂಟವನ್ನೇ ಮರೆತು ನಕ್ಕುಬಿಟ್ಟ. ಆ ತಾಯಿ ಎಲ್ಲಿದ್ದರೂ ಈ ಸದ್ದು ಕೇಳಿಸಿರಲೆಂದು ಅವನ ಮನಸ್ಸು ಬೇಡಿಕೊಂಡಿತು.

ಸಭೆಗೆ ತಡವಾಗಿ ಮುಟ್ಟಿದರು. ಕಾರ್ಯದರ್ಶಿ ಕರವಸ್ತ್ರ ಹಿಡಿದು ಓಡಿಬಂದರೂ ಅಧ್ಯಕ್ಷರು ಮುಖ ಒರೆಸಿಕೊಳ್ಳದೆ ವೇದಿಕೆ ಹತ್ತಿದರು.

"ನಮ್ಮ ಪರಿಸರ ನೀತಿ ಏನು ಅಂತ ಕೇಳ್ತಿದ್ರಲ್ಲ, ನನ್ನ ಮುಖ ನೋಡಿ," ಎಂದರು. "ಸಾರಿಗೆ ನೀತಿಯನ್ನ ನಾನು ಇವತ್ತು ಕೈಯಾರೆ ತಳ್ಳಿ ಬಂದೆ. ಜನ ದಿನಾ ಹೀಗೆ ಓಡಾಡುವಾಗ ನಾನು ಗಾಜು ಏರಿಸಿಕೊಂಡು ಹೋಗೋದು ಸರಿಯಲ್ಲ. ಈ ಪ್ರಾಂತ್ಯಕ್ಕೆ ಒಳ್ಳೇ ಬಸ್ಸು ಬರೋವರೆಗೆ ನಾನೂ ಈ ಬಸ್ಸಿನವನೇ. ಇವತ್ತಿಂದ ಕಾರು ಬಿಟ್ಟೆ. ನನಗೆ ದಾರಿ ತೋರಿಸಿದ ನಮ್ಮ ಸಾರಥಿಗೆ ನಾನು ಋಣಿ."

ಚಪ್ಪಾಳೆ ಹಂಚಿನ ಮೇಲಿನ ಆಲಿಕಲ್ಲಿನಂತೆ ಬಿದ್ದಿತು. ಸಾರಥಿ ವೇದಿಕೆಯ ಪಕ್ಕದ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

ಕಾರ್ಯದರ್ಶಿ ಬಂದು ಅವನ ಕಿವಿಯ ಬಳಿ ಬಗ್ಗಿದರು. "ಎಂಥ ಕೆಲಸ ಮಾಡಿದೆ ಮಹರಾಯ. ಕಾರು ಬಿಡೋ ಮಾತನ್ನ ಓದಿದ್ಮೇಲೆ ನಿನ್ನೆ ಸಭೇಲೇ ತೆಗೆದುಹಾಕಿದ್ವಿ. ಇವತ್ತಿನದು ಬರೀ ಫೋಟೋಕ್ಕೆ."

"ತೆಗೆದುಹಾಕಿದ್ರಾ? ಯಾಕೆ?"

"ಯಜಮಾನರೇ ಬೇಡ ಅಂದ್ರು. ನನ್ನ ಹೆಂಡ್ತಿ ಕೈಹಿಡಿದು ಕರ್ಕೊಂಡು ಬಂದೋನು, ಕಾರು ಹೋದ್ರೆ ಅವನ ಗತಿಯೇನು ಅಂದ್ರು."

ಸಾರಥಿ ಮಸಿ ಮುಖವನ್ನು ಅಂಗೈಗಳಲ್ಲಿ ಮುಚ್ಚಿಕೊಂಡ. ಹೋದ ಕಾರಿಗಾಗಿ ಅಳುತ್ತಿದ್ದಾನೋ, ತನ್ನನ್ನು ಅಷ್ಟು ನೆನೆದವರಿಗಾಗಿ ಅಳುತ್ತಿದ್ದಾನೋ ಅವನಿಗೇ ತಿಳಿಯಲಿಲ್ಲ.

ಹೆಗಲ ಮೇಲೆ ಕೈ ಬಿದ್ದಿತು. ಅಧ್ಯಕ್ಷರು ಕೆಳಗಿಳಿದು ಬಂದಿದ್ದರು.

"ಸಾರ್, ನಾನು ಬೇಕು ಅಂತಲೇ..."

"ಗೊತ್ತು. ಎದುರಿಗಿದ್ದ ನಿಲ್ದಾಣ ಬಿಟ್ಟು ಹಿಂದಿನ ಬೀದಿಗೆ ಕರ್ಕೊಂಡು ಹೋದಾಗಲೇ ಗೊತ್ತಾಯ್ತು. ಅವಳ ವಿಷಯ ಮಾತಾಡೋ ಹಾಗೆ, ಮತ್ತೆ ನಗೋ ಹಾಗೆ ಮಾಡಿದ್ಯಲ್ಲ, ದೇವರು ನಿನ್ನ ಚೆನ್ನಾಗಿಟ್ಟಿರಲಿ. ಕೆಲಸದ ಚಿಂತೆ ಬೇಡ, ದಿನಾ ನನ್ನ ಜೊತೆ ಬರ್ತೀಯ."

ಸಾರಥಿ ಕೈಮುಗಿದ. ಕಣ್ಣೀರು ಮಸಿಯಲ್ಲಿ ಎರಡು ಗೆರೆ ಎಳೆಯಿತು. "ನಾನು ಏನು ಮಾಡ್ಬೇಕು ಸಾರ್?"

"ಗುಡ್ಡದಲ್ಲಿ ನೀನು ಬಸ್ಸಿಗೆ ಬರೀ ಕೈ ತಾಗಿಸ್ಕೊಂಡು ನಿಂತಿದ್ದೆ, ನಾನು ನೋಡ್ದೆ. ನಾಳೆಯಿಂದ ಸರಿಯಾಗಿ ತಳ್ಳಬೇಕು."