ಅತ್ತೆಯ ತಾರಸಿಗೆ ವೈಬ್ರೇಟರ್ ಬಂದದ್ದು

ಕಾಂಕ್ರೀಟ್ ಹಾಕುವ ಕಡೆ ಎಷ್ಟು ಜನ ನಿಂತಿರುತ್ತಾರೋ ಅದಕ್ಕಿಂತ ಒಂದು ಹೆಚ್ಚು ಅನುಮಾನ ಇರುತ್ತದೆ. ಮನೆಯವರಿಗೆ ಮೇಸ್ತ್ರಿಯ ಮೇಲೆ, ಮೇಸ್ತ್ರಿಗೆ ಸಿಮೆಂಟಿನ ಮೇಲೆ, ಪಕ್ಕದ ಮನೆಯವರಿಗೆ ಎಲ್ಲರ ಮೇಲೆ. ಮಿಕ್ಕ ಆ ಒಂದು ಇಂಜಿನಿಯರ್ ಮೇಲೆ; ಅದು ಎಲ್ಲರಿಗೂ ಸೇರಿದ್ದು. ಆ ಇಂಜಿನಿಯರ್ ನಾನು. ವಿಶ್ವವಿದ್ಯಾಲಯದಿಂದ ಎರಡು ಪದವಿ ತಂದವನು. ತಮಿಳುನಾಡಿನ ಎಡಪ್ಪಾಡಿಯ ಸುತ್ತಮುತ್ತ ಹದಿನೈದು ವರ್ಷದಿಂದ ಮನೆ ಕಟ್ಟಿಸುತ್ತಿದ್ದೇನೆ. ಇಂಥ ಪ್ರಸಂಗಗಳಿಲ್ಲದೆ ಒಂದು ಗೋಡೆಯೂ ಮೇಲೆದ್ದಿಲ್ಲ. ಬೇರೆಯವರ ಮನೆಯ ಕತೆ ಹೇಳಿದರೆ ಜಗಳಕ್ಕೆ ಬರುತ್ತಾರೆ. ನಮ್ಮತ್ತೆಯ ಮನೆಯದನ್ನೇ ಹೇಳುತ್ತೇನೆ. ಅತ್ತೆ ಹೇಗೂ ಜಗಳ ಆಡುತ್ತಾಳೆ.

ಅತ್ತೆ ಅಂದರೆ ನಮ್ಮಪ್ಪನ ತಂಗಿ. ನಲವತ್ತು ವರ್ಷದಿಂದ ಕೈಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದಾಳೆ. ಒಂದು ಮಳೆಗಾಲ ಹಂಚಿನ ಮನೆ ಸೋರಿತು. ಮಗ್ಗಕ್ಕೆ ಏರಿಸಿದ್ದ ಹಾಸಿನ, ಅಂದರೆ ಉದ್ದದ ಎಳೆಗಳ ಮೇಲೆ ನೀರು ಬಿತ್ತು, ಬಣ್ಣ ಬಣ್ಣದೊಳಗೆ ಇಳಿಯಿತು, ಯಾರದೋ ಮದುವೆಯ ಸೀರೆ ಹಾಳಾಯಿತು. ಪಕ್ಕದ ಖಾಲಿ ಜಾಗದಲ್ಲಿ ಮಗ್ಗಕ್ಕೆಂದೇ ಒಂದು ತಾರಸಿ ಕೋಣೆ ಕಟ್ಟಿಸಬೇಕೆಂದು ಅವಳು ಆವತ್ತೇ ತೀರ್ಮಾನಿಸಿದಳು. ನಾನು ಬರೆದ ನಕ್ಷೆಯನ್ನು ಬಿಚ್ಚಿಯೂ ನೋಡಲಿಲ್ಲ.

"ಲೇ, ನನ್ ಮಗ್ಗದ ಮೇಲೆ ಒಂದು ತೊಟ್ಟು ನೀರು ಬೀಳ್ಬಾರ್ದು. ಬಿತ್ತು ಅಂದ್ರೆ ನೀನು ಓದಿದ್ದೆಲ್ಲ ವೇಸ್ಟು."

"ವೈಬ್ರೇಟರ್ ಹಾಕಿಸೋಣ ಅತ್ತೆ. ಸೋರಲ್ಲ."

"ಅದ್ಯಾರು?" ಎಂದಳು.

ಮೇಸ್ತ್ರಿಯ ಅಪ್ಪನ ತಾರಸಿ

ಮೇಸ್ತ್ರಿ ನಮ್ಮ ಕಡೆಯವನೇ. ಅವನ ಕನ್ನಡದಲ್ಲಿ ಅರ್ಧ ತಮಿಳು, ನನ್ನದರಲ್ಲಿ ಅರ್ಧ ಇಂಗ್ಲಿಷು, ಅತ್ತೆಯದರಲ್ಲಿ ಪೂರ್ತಿ ಅನುಮಾನ. ವೈಬ್ರೇಟರ್ ಅಂದಕೂಡಲೇ ಅವನ ಮುಖ ಗಂಟಾಯಿತು.

"ಮಿಸಿನ್ ಎದುಕು ಸಾರ್? ನಮ್ಮಪ್ಪ ಬರೀ ಕಂಬೀಲಿ ಕುತ್ತಿ ಆಕಿದ ತಾರ್ಸು ನಂಗವಳ್ಳೀಲಿ ಐತೆ. ಇವತ್ತಿಗೂ ಅಂಗೇ ನಿಂತೈತೆ."

ಇಂಥ ತಾರಸಿ ಪ್ರತಿ ಮೇಸ್ತ್ರಿಯ ಅಪ್ಪನಿಗೂ ಒಂದೊಂದು ಇರುತ್ತದೆ. ಯಾರೂ ಹೋಗಿ ನೋಡುವುದಿಲ್ಲ. ನಾನು ಮಾರನೆಯ ದಿನ ಅವನನ್ನೇ ಗಾಡಿಯ ಹಿಂದೆ ಕೂರಿಸಿಕೊಂಡು ನಂಗವಳ್ಳಿಗೆ ಹೋದೆ.

ತಾರಸಿ ನಿಂತಿತ್ತು, ನಿಜ. ಅದರ ಕೆಳಗೆ ನಡುಮನೆಯಲ್ಲಿ ನಾಲ್ಕು ತೆಂಗಿನ ಕಂಬಗಳೂ ನಿಂತಿದ್ದವು. ಒಂದಕ್ಕೆ ಕ್ಯಾಲೆಂಡರ್ ನೇತುಹಾಕಿದ್ದರು.

"ಇವು ಏನು?" ಎಂದೆ.

ಮೇಸ್ತ್ರಿ ವಾಲಿದ್ದ ಕ್ಯಾಲೆಂಡರನ್ನು ನೆಟ್ಟಗೆ ಮಾಡಿದ. "ಅದು ದಿಷ್ಟಿಗೆ ಸಾರ್" ಎಂದ.

ರಾಗಿಯ ಪಡಿ

ಯಂತ್ರ ಬಂದಿಳಿಯಿತು. ಒಂದು ಕರೆಂಟ್ ಮೋಟರು, ಅದಕ್ಕೆ ಸೇರಿದ ಉದ್ದನೆಯ ರಬ್ಬರ್ ಕೊಳವೆ, ಕೊಳವೆಯ ತುದಿಯಲ್ಲಿ ಮೊಳದುದ್ದದ ಕಬ್ಬಿಣದ ದಂಡ. ದಂಡಕ್ಕೆ ಸೂಜಿ ಎಂದು ಹೆಸರು. ಅತ್ತೆ ತನ್ನ ತೋಳಿನ ಪಕ್ಕದಲ್ಲಿಟ್ಟು ನೋಡಿದಳು. "ಇದು ಸೂಜಿನಾ? ದಾರ ಎಲ್ಲಿ?"

ನಾನು ಹತ್ತು ನಿಮಿಷ ವಿವರಿಸಿದೆ. ಕಂಪನ, ಜಲ್ಲಿಯ ನಡುವಿನ ಘರ್ಷಣೆ, ಸಿಕ್ಕಿಬಿದ್ದ ಗಾಳಿ ಗುಳ್ಳೆಯಾಗಿ ಮೇಲೆ ಬರುವುದು, ಗಾಳಿ ಉಳಿದರೆ ಆ ತೂತುಗಳಲ್ಲಿ ನೀರು ಇಳಿಯುವುದು. ತರಗತಿಯಲ್ಲಾದರೆ ಅಷ್ಟರಲ್ಲಿ ಅರ್ಧ ಜನ ಮಲಗಿರುತ್ತಿದ್ದರು. ಅತ್ತೆ ಕೊನೆಯವರೆಗೆ ಕೇಳಿದಳು.

"ಪಡೀಲಿ ರಾಗಿ ಅಳೆಯೋವಾಗ ಕೊಳ್ಳೋಳು ತಟ್ಟು ಅಂತಾಳೆ. ಮಾರೋನು ತಟ್ಟಲ್ಲ. ತಟ್ಟುದ್ರೆ ಇಳೀತದೆ, ಇನ್ನೊಂದು ಇಡಿ ರಾಗಿ ಇಡಿಸ್ತದೆ. ಇದು ತಟ್ಟೋ ಮಿಸಿನ್ನು. ಅಷ್ಟೇ ತಾನೆ?"

ಅಷ್ಟೇ. ನನಗೆ ಅದನ್ನು ತಿಳಿಯಲು ಎರಡು ಪದವಿ ಬೇಕಾಗಿದ್ದವು.

ಅವಳು ಆಗಲೇ ಮೇಸ್ತ್ರಿಯ ಕಡೆ ತಿರುಗಿದ್ದಳು. "ಅಂಗಾದ್ರೆ ಇಷ್ಟು ವರ್ಷ ನೀನು ತಟ್ಟದೇ ಅಳ್ದಿದ್ದೀಯ. ಊರೋರ್ಗೆಲ್ಲ ಗಾಳಿ ಕಟ್ಟಿಕೊಟ್ಟಿದ್ದೀಯ."

ಮೇಸ್ತ್ರಿ ಸೋಲುವವನಲ್ಲ. "ಗಾಳಿ ಇದ್ರೆ ನಲ್ಲದು ತಾನೇ ಅಕ್ಕಾ. ಮನೆ ತಂಪಾಗಿರ್ತದೆ."

ಪಕ್ಕದ ಮನೆಯ ಎಳೆ

ಪಾಯದ ಕಾಂಕ್ರೀಟ್ ದಿನ ಪಕ್ಕದ ಮನೆಯ ನೇಕಾರ ಗೋಡೆ ಸುತ್ತಿಕೊಂಡು ಬಂದ. ಬೆರಳ ತುದಿಯಲ್ಲಿ ಒಂದು ತುಂಡು ರೇಷ್ಮೆ ಎಳೆ. ಪೊಲೀಸರು ಸಾಕ್ಷ್ಯ ಹಿಡಿಯುವ ಹಾಗೆ ಹಿಡಿದಿದ್ದ.

"ನಿಮ್ ಮಿಸಿನ್ ನಡುಗ್ಸಿ ನನ್ ಎಳೆ ಕಿತ್ತೋಯ್ತು. ಮಗ್ಗದ ಗುಂಡೀಲಿ ಕಾಲಿಟ್ರೆ ಜುಂ ಅಂತದೆ."

ಮಗ್ಗದ ಎಳೆ ಕೀಳುವುದು ದಿನಾ ನಡೆಯುವ ವಿಷಯ. ಯಂತ್ರ ಇನ್ನೂ ಊರಿಗೆ ಬಾರದಿದ್ದಾಗಲೂ ಕೀಳುತ್ತಿತ್ತು. ಸೂಜಿಯ ನಡುಕ ಒಂದೆರಡು ಅಡಿ ದಾಟುವುದಿಲ್ಲ ಎಂದು ಹೇಳಿದೆ. ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ, ಹೇಳಿದವನು ಇಂಜಿನಿಯರ್. ಕೊನೆಗೆ ಒಂದು ಪರೀಕ್ಷೆ ಗೊತ್ತು ಮಾಡಿದೆ. ಅವನು ಹೋಗಿ ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲಿಟ್ಟು ಕೂರಬೇಕು. ನಾವು ಯಂತ್ರ ಹಾಕುತ್ತೇವೆ. ನಡುಕ ಬಂದ ಕೂಡಲೇ ಅವನು ಕೂಗಬೇಕು.

ಅವನು ಹೋಗಿ ಕೂತ. ಕಾಂಕ್ರೀಟ್ ಕಲೆಸುವ ಡೀಸೆಲ್ ಮಿಕ್ಸರ್ ಗಡಗಡ ಅನ್ನುತ್ತಿತ್ತು. ಅದರ ಮುಂದೆ ಬೇರೆ ಸದ್ದು ಕೇಳುವಂತಿರಲಿಲ್ಲ. ಯಂತ್ರ ಹಾಕಿ ಎಂದು ನಾನು ಕೈ ಎತ್ತಿದೆ. ಒಂದು ನಿಮಿಷವೂ ಆಗಿರಲಿಲ್ಲ, ಗೋಡೆಯಾಚೆಯಿಂದ ಕೂಗು: "ನಿಲ್ಸಿ! ನಿಲ್ಸಿ! ಮಗ್ಗನೇ ಕುಣೀತಾ ಐತೆ!"

ನಾನು ಅವನನ್ನು ಕರೆದುಕೊಂಡು ಬಂದು ತೋರಿಸಿದೆ. ಕರೆಂಟ್ ಹೋಗಿತ್ತು. ವೈಬ್ರೇಟರ್ ಶುರುವೇ ಆಗಿರಲಿಲ್ಲ. ಸೂಜಿ ಮರಳಿನ ಮೇಲೆ ಸತ್ತ ಹಾವಿನಂತೆ ಬಿದ್ದಿತ್ತು.

ಅವನು ಮೋಟರನ್ನು ಮುಟ್ಟಿ ನೋಡಿದ. ತಣ್ಣಗಿತ್ತು. ಅವನ ಅನುಮಾನ ಇನ್ನೂ ಹೆಚ್ಚಾಯಿತು.

"ಕರೆಂಟ್ ಇಲ್ದೇನೇ ಇಷ್ಟು ನಡುಗುಸ್ತದಲ್ಲ, ಇದ್ದಿದ್ರೆ ನನ್ ಗತಿ ಏನು?"

ಒಂದು ಸಂಬಂಧದ ಮಾತುಕತೆ

ಸೂಜಿ ಹಿಡಿಯುವವನು ಐವತ್ತರ ಆಸುಪಾಸಿನ ಒಬ್ಬ ತಮಿಳಿನವ. ಯಾವುದಕ್ಕೂ ಇಲ್ಲ ಅನ್ನುವವನಲ್ಲ. "ಸರಿಂಗ ಸಾರ್" ಅನ್ನುತ್ತಾನೆ. ಅಷ್ಟು ಸುಲಭವಾಗಿ ಒಪ್ಪುವವರನ್ನು ನಾನು ನಂಬುವುದಿಲ್ಲ.

ಕಂಬಗಳಿಗೆ ಕಾಂಕ್ರೀಟ್ ಸುರಿಯುವ ದಿನ ಹೇಳಿದೆ: "ಗುಳ್ಳೆ ಬರೋದು ನಿಂತ ತಕ್ಷಣ ಸೂಜಿ ಮೇಲೆ ತೆಗೀಬೇಕು. ಜಾಸ್ತಿ ಹೊತ್ತು ಬಿಟ್ರೆ ಜಲ್ಲಿ ಅಡಿಗೆ ಹೋಗುತ್ತೆ, ಸಿಮೆಂಟ್ ಹಾಲು ಮೇಲೆ ನಿಲ್ಲುತ್ತೆ."

"ಸರಿಂಗ ಸಾರ್."

ಮೊದಲ ಕಂಬ ಚೆನ್ನಾಗಿಯೇ ಆಯಿತು. ಎರಡನೆಯದಕ್ಕೆ ಸೂಜಿ ಇಳಿಸಿದಾಗ ಅವನ ಫೋನು ಬಂತು. ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡ. ಸೂಜಿ ಇಳಿದಲ್ಲೇ ಇತ್ತು. ಮಗಳಿಗೆ ನೋಡಿದ ಗಂಡಿನ ಕಡೆಯವರು. ಜಾತಕದಿಂದ ಶುರುವಾದ ಮಾತು ಗಂಡಿನ ಚಿಕ್ಕಪ್ಪನ ಕೋಪದವರೆಗೆ ಹೋಯಿತು. ನಾನು ರಸ್ತೆಯ ಕಡೆಯಿಂದ ಓಡಿ ಬರುವಷ್ಟರಲ್ಲಿ ಕಂಬದ ಬಾಯಲ್ಲಿ ಬೂದು ಬಣ್ಣದ ಪಾಯಸ ನಿಂತಿತ್ತು. ಜಲ್ಲಿ ಎಂಬ ವಸ್ತು ಕಣ್ಣಿಗೆ ಕಾಣುತ್ತಿರಲಿಲ್ಲ.

ಕಂಬದ ಹಲಗೆ ಬಿಚ್ಚಿಸಿ, ಹಾಕಿದ್ದನ್ನು ತೋಡಿಸಿ, ಹೊಸದಾಗಿ ಹಾಕಿಸಿದೆ. ಕೋಪ ತಡೆಯಲಾಗದೆ ಕೇಳಿದೆ: "ಕೊನೆಗೆ ಏನಂದ್ರು?"

ಅವನು ತಲೆ ತಗ್ಗಿಸಿದ. "ಯೋಸಿಚ್ಚು ಸೊಲ್ರೋಂ ಅಂದ್ರು ಸಾರ್." ಯೋಚಿಸಿ ಹೇಳುತ್ತಾರಂತೆ.

ಅತ್ತೆ ಪಾಯಸವನ್ನೇ ನೋಡುತ್ತಿದ್ದಳು. "ಯೋಚ್ನೆ ಮಾಡೋದಕ್ಕೇ ಒಂದು ಕಂಬ ಓಯ್ತು. ಒಪ್ಪಿದ್ರೆ ಮನೇನೇ ಓಗ್ತದೆ."

ಖಾಲಿ ಮಗ್ಗ

ತಾರಸಿಯ ದಿನ ಬಂತು. ಕಂಬಿ ಕಟ್ಟಿ ಮುಗಿದಿತ್ತು, ನಿಂಬೆಹಣ್ಣು ಮೆಣಸಿನಕಾಯಿ ನೇತಾಡುತ್ತಿದ್ದವು, ಮೊದಲ ಬಾಂಡ್ಲಿಗೆ ಕರ್ಪೂರ ಬೆಳಗಿದ್ದರು. ಸೂಜಿಯವನ ಫೋನನ್ನು ನಾನೇ ಇಸಿದುಕೊಂಡು ಜೇಬಿಗೆ ಹಾಕಿಕೊಂಡಿದ್ದೆ. ಅವನು "ಸರಿಂಗ ಸಾರ್" ಎಂದಿದ್ದ. ಎರಡನೆಯ ಫೋನ್ ಇರಬಹುದು ಎಂದು ಅನುಮಾನಪಡಲಿಲ್ಲ. ಆವತ್ತು ಅನುಮಾನ ಪಡದೆ ಉಳಿದದ್ದು ಅದೊಂದೇ.

ಮಧ್ಯಾಹ್ನ ಅತ್ತೆ ನನ್ನನ್ನು ಹಳೆಯ ಮನೆಯ ಜಗುಲಿಗೆ ಕರೆದು ಬಿರಿಯಾನಿ ಬಡಿಸಿದಳು. ಮೇಸ್ತ್ರಿ ಕೆಳಗೆ ಮಿಕ್ಸರ್ ಹತ್ತಿರ ಇದ್ದ. ಮೇಲಿನಿಂದ ವೈಬ್ರೇಟರಿನ ಸದ್ದು ಒಂದೇ ಸಮ ಬರುತ್ತಿತ್ತು. ಅದನ್ನು ಕೇಳುತ್ತ ಉಣ್ಣುವುದು ಇಂಜಿನಿಯರಿಗೆ ಸಿಗುವ ಅಪರೂಪದ ನೆಮ್ಮದಿ.

ಅತ್ತೆಯ ಸೌಟು ನಿಂತಿತು.

"ಲೇ, ಸೂಜಿ ಒಳಗಿಲ್ಲ."

"ಮೋಟರ್ ಓಡ್ತಾ ಇದೆಯಲ್ಲ ಅತ್ತೆ, ಕೇಳ್ತಿಲ್ವಾ?"

"ಕೇಳ್ತಾ ಐತೆ, ಅದಕ್ಕೇ ಅಂದಿದ್ದು. ನೂಲಿದ್ರೆ ಮಗ್ಗದ ಸದ್ದು ದಪ್ಪ. ನೂಲಿಲ್ದೆ ಆಡ್ಸುದ್ರೆ ಕೀಚಲು. ಇದು ಖಾಲಿ ಮಗ್ಗ."

ಮೋಟರಿನ ಸದ್ದಿಗೂ ಮಗ್ಗದ ಸದ್ದಿಗೂ ಹೋಲಿಕೆ ಸರಿಯಲ್ಲ ಎಂದು ವಿವರಿಸಲು ಬಾಯಿ ತೆರೆದೆ. ಅವಳು ಸೌಟು ಹಿಡಿದುಕೊಂಡೇ ಏಣಿ ಹತ್ತಿಬಿಟ್ಟಿದ್ದಳು. ನಾನು ಎಂಜಲು ಕೈಯಲ್ಲೇ ಹಿಂದೆ ಹತ್ತಿದೆ.

ಮೂಲೆಯಲ್ಲಿ ಎದ್ದು ನಿಂತಿದ್ದ ಕಂಬಿಗಳ ನಡುವೆ ಸೂಜಿಯನ್ನು ಗಾಳಿಯಲ್ಲಿ ನೇತುಹಾಕಿತ್ತು. ಅದು ತನ್ನ ಪಾಡಿಗೆ ಗುಂಯ್ ಅನ್ನುತ್ತಿತ್ತು. ಸೂಜಿಯವನು ತನ್ನ ಎರಡನೆಯ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೆರಳಲ್ಲಿ ಕೂತಿದ್ದ. ತಟ್ಟದೆ ಬಿಟ್ಟ ಜಾಗ ಎಲ್ಲಿ ಎಂದು ನೋಡಿದೆ. ಸರಿಯಾಗಿ ಮಗ್ಗ ನಿಲ್ಲಬೇಕಾದ ಜಾಗದ ಮೇಲೆ.

ನಮ್ಮನ್ನು ಕಂಡು ಅವನು ಎದ್ದು ನಿಂತ. ಕಣ್ಣು ತುಂಬಿತ್ತು. "ಸಾರ್, ಸಮ್ಮದಂ ಸೊಲ್ಲಿಟ್ಟಾಂಗ! ಒಪ್ಕೊಂಡ್ರು ಸಾರ್!"

ಅತ್ತೆ ಸೌಟು ತಿರುಗಿಸಿ ತೋರಿಸಿದಳು.

"ಒಳ್ಳೇದಪ್ಪ. ನಿನ್ ಮಗಳ ಸೀರೆ ನಾನೇ ನೇಯ್ತೀನಿ. ಇದೇ ಜಾಗದ ಕೆಳಗೆ ಕೂತ್ಕೊಂಡು. ಈಗ ಸೂಜಿ ಒಳಗಾಕು, ಇಲ್ದಿದ್ರೆ ನೆಂದ ಸೀರೇಲಿ ಧಾರೆ ಎರೀಬೇಕಾಗ್ತದೆ."

ಕಾಂಕ್ರೀಟ್ ಇನ್ನೂ ಹಸಿಯಾಗಿತ್ತು. ಆ ಜಾಗವನ್ನು ಅವನು ತಟ್ಟಿದ ಹಾಗೆ ಆವತ್ತಿನವರೆಗೆ ಯಾರೂ ತಟ್ಟಿರಲಿಕ್ಕಿಲ್ಲ. ಅತ್ತೆ ಜಗುಲಿಯಲ್ಲಿ ಬೆನ್ನು ತಿರುಗಿಸಿ ಕೂತು ಸಂಜೆಯವರೆಗೆ ಕೂಗುತ್ತಿದ್ದಳು: "ಒಳಗೆ... ಒಳಗೆ... ಏಯ್, ಈಚೆ ಬಂತು!" ಒಂದು ಸಲವೂ ತಪ್ಪಲಿಲ್ಲ. ಸೂಜಿ ಒಳಗೆ ಹೋದರೆ ಸದ್ದು ತಗ್ಗುತ್ತದೆ ಎಂದು ನನ್ನ ಪಠ್ಯಪುಸ್ತಕದಲ್ಲೂ ಇತ್ತು. ಅದನ್ನು ಬರೆದು ಅಂಕ ತೆಗೆದುಕೊಂಡಿದ್ದೆ. ಕೇಳಿಸಿಕೊಂಡಿರಲಿಲ್ಲ.

ಒಂದು ತೊಟ್ಟು

ಆಸರೆ ಕಂಬಗಳನ್ನು ಬಿಚ್ಚಿದ ಮೇಲೂ ಅತ್ತೆ ಹಾಸು ಏರಿಸಲಿಲ್ಲ. ಮಗ್ಗವನ್ನು ಹೊಸ ಕೋಣೆಗೆ ತಂದು ನಿಲ್ಲಿಸಿದಳು, ಅದರ ಮೇಲೆ ಬಿಳಿ ಪಂಚೆ ಹಾಸಿದಳು. ತಾರಸಿಯ ಮೇಲೆ ಮಣ್ಣಿನ ಕಟ್ಟೆ ಕಟ್ಟಿಸಿ ನೀರು ನಿಲ್ಲಿಸಿದಳು. "ಮೂರು ದಿನ. ಪಂಚೆ ಒಣಗಿದ್ರೆ ಹಾಸು, ಇಲ್ಲಾಂದ್ರೆ ಸುತ್ತಿಗೆ."

ಮೊದಲ ದಿನ ಒಣಗಿತ್ತು. ಎರಡನೆಯ ದಿನವೂ. ಮೂರನೆಯ ದಿನ ಮೇಸ್ತ್ರಿಯೂ ಪಕ್ಕದ ಮನೆಯವನೂ ಫಲಿತಾಂಶ ನೋಡಲು ಬಂದರು. ನಾನು ಮಗ್ಗದ ಪಕ್ಕ ಸ್ಟೂಲು ಹಾಕಿ ಹತ್ತಿ, ಪಂಚೆಯ ಮೇಲೆ ಬಾಗಿ, ಸೂಜಿಯವನು ಬಿಟ್ಟಿದ್ದ ಆ ಮೂಲೆಗೆ ಟಾರ್ಚ್ ಬಿಟ್ಟು ನೋಡತೊಡಗಿದೆ. ಚಿತ್ತಿರೈ ತಿಂಗಳ ನಡುಬೇಸಿಗೆಯ ಬಿಸಿಲು. ಫ್ಯಾನ್ ಇನ್ನೂ ಹಾಕಿರಲಿಲ್ಲ.

"ಬಿತ್ತು!" ಎಂದು ಅತ್ತೆ ಕಿರುಚಿದಳು.

ಪಂಚೆಯ ಮೇಲೆ ದುಂಡನೆಯ ಒದ್ದೆ ಕಲೆ.

"ನಾನಾಗ್ಲೇ ಏಳ್ದೆ, ಕಂಬೀಲಿ ಕುತ್ತಿದ್ರೆ ಸಾಕಾಗಿತ್ತು" ಎಂದ ಮೇಸ್ತ್ರಿ.

"ನಡುಕ ಜಾಸ್ತಿ ಆಗಿ ಸೀಳು ಬಿಟ್ಟೈತೆ" ಎಂದ ಪಕ್ಕದ ಮನೆಯವನು.

ನಾನು ಟಾರ್ಚನ್ನು ಆ ಕಡೆ ಈ ಕಡೆ ತಿರುಗಿಸಿದೆ. ಮೇಲೆ ಎಲ್ಲಿಯೂ ಒದ್ದೆ ಇಲ್ಲ, ಬಿರುಕಿಲ್ಲ. ಎರಡು ಪದವಿ, ಹದಿನೈದು ವರ್ಷ, ಒಂದು ಪಂಚೆ. ಅಷ್ಟರಲ್ಲಿ ಎರಡನೆಯ ತೊಟ್ಟು ಬಿತ್ತು, ಮೊದಲನೆಯದರ ಪಕ್ಕಕ್ಕೇ.

ಅತ್ತೆ ಬಾಗಿ ಕಲೆಯನ್ನು ಬೆರಳಿಂದ ಒತ್ತಿದಳು. ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ಆಮೇಲೆ ನಿಧಾನವಾಗಿ ತಲೆಯೆತ್ತಿ, ತಾರಸಿಯನ್ನಲ್ಲ, ನನ್ನ ಹಣೆಯನ್ನು ನೋಡಿದಳು.

"ಉಪ್ಪು" ಎಂದಳು. "ತಾರ್ಸು ಸೋರ್ತಿಲ್ಲ, ಇಂಜಿನಿಯರ್ ಸೋರ್ತಾವ್ನೆ. ಅವ್ನ್ನ ಕೆಳಗಿಳ್ಸಿ, ಹಾಸು ಏರಿಸ್ಬೇಕು."