ಕಳ್ಳರ ಮನೆಗೆ ಹೋಗಿ ಚಹಾ ಕುಡಿದು ಬರುವ ನನ್ನ ತಮ್ಮ

ಕರ್ರ್... ಕರ್ರ್... ಟಕ್!

ಕಂಟೋನ್ಮೆಂಟಿನ ನಮ್ಮ ಹಳೆಯ ಮನೆಯ ಬೇಸಿಗೆಯ ಮಧ್ಯಾಹ್ನಗಳನ್ನು ನೆನೆದರೆ ನನಗೆ ಈಗಲೂ ಕೇಳಿಸುವುದು ಈ ಸದ್ದೇ. ಬಿಸಿಲಿಗೆ ಹೆದರಿ ಬಳ್ಳಾರಿಯ ಕಾಗೆಗಳೂ ಬಾಯಿ ಮುಚ್ಚಿಕೊಂಡಿರುವ ಹೊತ್ತು. ದೊಡ್ಡವರು ಗೊರಕೆಯಲ್ಲಿ, ನಾನು ಕಾನ್ವೆಂಟಿನ ಹೋಂವರ್ಕ್ ಮುಂದೆ ತೂಕಡಿಕೆಯಲ್ಲಿ. ನನ್ನ ತಮ್ಮ ಮಾತ್ರ ಸೋದರಮಾವ ಕೊಟ್ಟ ಕ್ಯಾಮೆರಾದ ರೀಲು ತಿರುಗಿಸುತ್ತ ಮನೆ ತುಂಬ ಬೇಟೆಗೆ ಹೊರಟಿರುತ್ತಿದ್ದ.

ಅವನ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಡೀ ಬಳ್ಳಾರಿ ಜಿಲ್ಲೆಯಲ್ಲಿ ತನ್ನ ವಸ್ತು ಕದ್ದವರ ಮನೆಯನ್ನು ಹುಡುಕಿಕೊಂಡು ಹೋಗಿ, ಕುಶಲ ವಿಚಾರಿಸಿ, ಚಹಾ ಕುಡಿದು, ಕಳ್ಳನನ್ನು ಔಟಿಂಗಿಗೆ ಕರೆದೊಯ್ಯುವ ಗೃಹಸ್ಥ ಇವನೊಬ್ಬನೇ! ನೆಂಟರ ಮನೆಗೆ ಬಾ ಎಂದರೆ ಇವನಿಗೆ ಟೈಮಿಲ್ಲ. ಕಳ್ಳರ ಮನೆ ಎಂದರೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ರೆಡಿ!

ಮೊದಲ ಬೇಟೆಯಲ್ಲಿ ಅವನಿಗೆ ಸಿಕ್ಕವಳು ಬಾಯಿ ತೆರೆದು ಮಲಗಿದ್ದ ನಮ್ಮ ಅಜ್ಜಿ. ರೀಲು ತೊಳೆದು ಬಂದ ದಿನ ಅಜ್ಜಿ ಫೋಟೋ ನೋಡಿದಳು, ಕಸಬರಿಗೆ ಎತ್ತಿದಳು. “ಕೇಳಲಾರದ ನನ್ನ ಮಾರಿ ಹೆಂಗ ತಗದೀಲೇ? ಇದೇನು ನಿಮ್ಮಪ್ಪನ ಆಸ್ತಿ ಏನು?” ಎಂದು ಪಡಸಾಲೆಯಿಂದ ಹಿತ್ತಲಿನತನಕ ಅಟ್ಟಿಸಿಕೊಂಡು ಹೋದಳು. ಕಾಪಿರೈಟ್ ಎಂಬ ಕಾನೂನು ನಮ್ಮ ಮನೆಗೆ ಬಂದದ್ದು ಹೀಗೆ, ಕಸಬರಿಗೆಯ ಮುಖಾಂತರ! ಅಂದಿನಿಂದ ಇಂದಿನವರೆಗೂ ನನ್ನ ತಮ್ಮ ಯಾರ ಮುಖವನ್ನೂ ಕೇಳದೆ ತೆಗೆದವನಲ್ಲ. ಕೇಳುತ್ತಾನೆ, ತೆಗೆಯುತ್ತಾನೆ, ಪ್ರಿಂಟು ಹಾಕಿಸಿ ಅವರ ಮನೆಗೇ ಒಯ್ದು ಕೊಟ್ಟು, “ನಾಕು ಮಂದಿಗೆ ತೋರಸ್ಲೇನ್ರಿ?” ಎಂದು ಮತ್ತೊಮ್ಮೆ ಕೇಳುತ್ತಾನೆ. ಬೇಡವೆಂದರೆ ಆ ಫೋಟೋ ಅಲ್ಲಿಗೆ ಮುಗಿಯಿತು.

ನನ್ನ ಮದುವೆಯ ಫೋಟೋಗ್ರಾಫರ್ ಕೂಡ ಇವನೇ ಎಂದರೆ ಉಳಿದದ್ದನ್ನು ನೀವೇ ಊಹಿಸಬಹುದು. ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ಅಡಿಗೆಮನೆಯ ಕಿಟಕಿಯಿಂದ ಬಿಸಿಲ ಕೋಲೊಂದು ಪಾಯಸದ ಹಂಡೆಯ ಆವಿಯ ಮೇಲೆ ಬಿತ್ತಂತೆ. ವಾಲಗ ಏರಿತು, ಅಕ್ಷತೆ ಬಿತ್ತು, ಫೋಟೋಗ್ರಾಫರ್ ಮಾಯ! ನನ್ನ ಆಲ್ಬಮ್ಮಿನಲ್ಲಿ ಇವತ್ತಿಗೂ ತಾಳಿ ಇಲ್ಲ. ಸೌಟು ಹಿಡಿದು, ದೇವಲೋಕದಿಂದ ಇಳಿದ ಋಷಿಯಂತೆ ಆವಿಯ ನಡುವೆ ನಿಂತ ಅಡಿಗೆಭಟ್ಟನಿದ್ದಾನೆ. ನಮ್ಮವರು ಇರುವತನಕ ಬಂದವರಿಗೆಲ್ಲ ಆ ಪುಟ ತೆರೆದು, “ನನ್ನ ಲಗ್ನ ಯಾರ ಜೊತಿ ಆತು ನೀವಾ ಹೇಳ್ರಿ” ಎಂದು ನಗುತ್ತಿದ್ದರು. ಆದರೆ ಬ್ಯೂಟಿಫುಲ್ ಪಿಕ್ಚರ್! ಸಿಟ್ಟು ಬಂದಾಗಲೆಲ್ಲ ಆ ಪುಟ ನೋಡಿ ನನ್ನ ಸಿಟ್ಟು ಹೋಗಿದೆ.

ಆಮೇಲೆ ಸತ್ಯನಾರಾಯಣಪೇಟೆಯಲ್ಲಿ ಸ್ಟುಡಿಯೋ ಇಟ್ಟ. ಕಾಲ ಬದಲಾಯಿತು, ರೀಲು ಹೋಯಿತು, ಇಂಟರ್ನೆಟ್ ಬಂತು. ತನ್ನ ಫೋಟೋಗಳಿಗೊಂದು ಪೇಜ್ ಮಾಡಿಕೊಂಡ. ಅಲ್ಲಿಂದ ಶುರುವಾಯಿತು ನೋಡಿ ಕಳ್ಳತನ! ಒಂದು ಫೋಟೋ ಕೊಟ್ಟರೆ ಅದು ಎಲ್ಲೆಲ್ಲಿ ಅಲೆಯುತ್ತಿದೆ ಎಂದು ಕಂಪ್ಯೂಟರೇ ಹುಡುಕಿಕೊಡುತ್ತದಂತೆ. ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ದಿನಾ ಅದರ ಮುಂದೆ ಕೂರುತ್ತಾನೆ. “ಎಲ್ಲೆಲ್ಲಿ ಹೋಗ್ಯಾವಪ್ಪಾ ನನ್ನ ಮಕ್ಕಳು?” ಎಂದು ಒಬ್ಬನೇ ಮಾತಾಡಿಕೊಳ್ಳುತ್ತಾನೆ.

“ಲೇ ತಮ್ಮಾ, ಫೋಟೋದ ನಡುವೆ ದೊಡ್ಡದಾಗಿ ನಿನ್ನ ಹೆಸರು ಹಾಕಬಾರದೇನೋ? ಎಲ್ಲಾರೂ ಹಾಕ್ತಾರ. ವಾಟರ್‌ಮಾರ್ಕ್ ಅಂತಾರ ಅದಕ್ಕ.”

“ಮದುಮಗಳ ಹಣಿಮ್ಯಾಲೆ ಅಪ್ಪನ ಹೆಸರು ಬರದು ಮಂಟಪಕ್ಕ ಕಳಸ್ತಾರೇನಕ್ಕಾ?”

ಮೂಲೆಯಲ್ಲಿ ಇರುವೆಯಷ್ಟು ಚಿಕ್ಕದಾಗಿ ಹೆಸರು ಹಾಕುತ್ತಾನೆ. ಕಳ್ಳರು ಇರುವೆಯನ್ನು ಒರೆಸಿಹಾಕುವಷ್ಟೇ ಸುಲಭವಾಗಿ ಅದನ್ನು ಕತ್ತರಿಸುತ್ತಾರೆ.

ಸಿರುಗುಪ್ಪದ ಹತ್ತಿರ ಹೊಳೆಯ ದಂಡೆಯಲ್ಲಿ ಬೆಳಗಿನ ಮಂಜಿನೊಳಗಿಂದ ಭತ್ತದ ಗದ್ದೆ ಏಳುವ ಫೋಟೋ ಒಂದಿತ್ತು. ಅಲ್ಲಿಯದೇ ಒಂದು ರೈಸ್ ಮಿಲ್ಲಿನವರು ಅದನ್ನು ನೆಟ್ಟಿನಿಂದ ಎತ್ತಿ ತಮ್ಮ ಅಕ್ಕಿ ಚೀಲದ ಮೇಲೆ ಅಚ್ಚು ಹಾಕಿಸಿದರು. ನಮ್ಮವನು ಹೊರಟ. ಲಾಯರ್ ನೋಟೀಸೇ? ಜಗಳವೇ? ಛೇ! ಸಾಹುಕಾರರ ಮುಂದೆ ಕೂತು, ಚಹಾ ಹೀರಿ, ವಿನಯವಾಗಿ ಕೇಳಿದ: “ಸಾವ್ಕಾರ್ರ, ಚೀಲದ ಮ್ಯಾಗಿನ ಫೋಟೋ ಭಾಳ ಛಲೋ ಐತ್ರಿ. ಎಲ್ಲಿ ನಿಂತು ತಗದ್ರಿ?”

ಸಾಹುಕಾರರು ಕೆಮ್ಮಿದರು. “ಅದು... ಇಲ್ಲೇ ಹೊಳಿ ಕಡಿ.”

“ನನಗ ಆ ಜಾಗ ತೋರಸ್ರಿ. ನಾಳೆ ನಸಿಕಿನ್ಯಾಗ ಬರ್ತೀನಿ, ಕೂಡೇ ಹೋಗೋಣು.”

ಇದೇ ನೋಡಿ ಅವನ ಶಿಕ್ಷೆ! ಕದ್ದವನು ಅವನ ಜೊತೆ ಆ ಜಾಗಕ್ಕೆ ಬಂದು, ಅದೇ ಬೆಳಕು ಬರುವತನಕ ನಿಲ್ಲಬೇಕು. ಬೇರೇನೂ ಬೇಡ. ಸಾಹುಕಾರರು ಮರ್ಯಾದೆಗೆ ಅಂಜಿ ಹೋದರು. ಮೊದಲ ದಿನ ಮಂಜು ಬರಲಿಲ್ಲ. ಎರಡನೆಯ ದಿನ ಮಂಜು ಬಂತು, ಸೂರ್ಯ ಬರಲಿಲ್ಲ. ಮೂರನೆಯ ದಿನ ಇಬ್ಬರೂ ಬಂದರು, ಸಾಹುಕಾರರ ಒಂದು ಚಪ್ಪಲಿ ಕೆಸರಿನಿಂದ ಮೇಲೆ ಬರಲಿಲ್ಲ! ಸೊಳ್ಳೆ ಕಚ್ಚಿದ ಕೆನ್ನೆ ಕೆರೆಯುತ್ತ, “ಮಾರಾಯಾ, ಇದಕ್ಕ ಇಷ್ಟು ಕಾಯಬೇಕೇನೋ?” ಎಂದರಂತೆ. ಮುಂದಿನ ಚೀಲಗಳ ಮೇಲೆ ತಮ್ಮನ ಹೆಸರು ಬಂತು, ತೂಕದ ಕೆಳಗೆ, ಪ್ಯಾಕ್ ಮಾಡಿದ ತಾರೀಖಿನ ಪಕ್ಕದಲ್ಲಿ. ಚೀಲ ಖಾಲಿಯಾದ ಮೇಲೂ ನಾನು ಅದನ್ನು ಮಡಿಚಿ ಬೀರುವಿನಲ್ಲಿ ಇಟ್ಟಿದ್ದೇನೆ. ನಗಬೇಡಿ. ಯಾರ ಅಕ್ಕ ಇಡುವುದಿಲ್ಲ?

ಇನ್ನೊಮ್ಮೆ ಅವನ ಬಳ್ಳಾರಿ ಗುಡ್ಡದ ಫೋಟೋ, ಮೋಡ ಕವಿದ ಕೋಟೆಯದು, ಗುಲಾಬಿ ಹೂ ಅಂಟಿಸಿಕೊಂಡು, ‘ಶುಭೋದಯ’ ಎಂದು ಬರೆಸಿಕೊಂಡು ನಮ್ಮ ಫ್ಯಾಮಿಲಿ ಗ್ರೂಪಿಗೇ ಬಂತು! ಕಳಿಸಿದವಳು ನಮ್ಮ ದೊಡ್ಡಮ್ಮನ ಸೊಸೆ. ದಿನಾ ಸೂರ್ಯನಿಗಿಂತ ಮೊದಲು ಎದ್ದು ಶುಭೋದಯ ಹಂಚುವವಳು. ತಮ್ಮ ಅವಳ ಮನೆಗೆ ಹೋದ. “ಅತ್ತಿಗಿ, ಇಷ್ಟು ಛಲೋ ಜಾಗ ನೋಡಿಲ್ಲ ಅಂದ್ರ ಹೆಂಗ? ಏಳ್ರಿ.” ಮೊಣಕಾಲು ಹಿಡಿದುಕೊಂಡು, ಪ್ರತಿ ಮೆಟ್ಟಿಲಿಗೂ ಒಬ್ಬೊಬ್ಬ ದೇವರನ್ನು ಕರೆಯುತ್ತ ಆ ಪುಣ್ಯಾತ್ಗಿತ್ತಿ ಕೋಟೆ ಹತ್ತಿಳಿದಳು. ಅಂದಿನಿಂದ ನಮ್ಮ ಗ್ರೂಪಿನಲ್ಲಿ ಬೆಳಗೇ ಆಗಿಲ್ಲ! ಮನೆತನದವರೆಲ್ಲ ತಮ್ಮನಿಗೆ ಸನ್ಮಾನ ಮಾಡಬೇಕೆಂದಿದ್ದೇವೆ.

ಹೀಗೆ ನಗುತ್ತ ನಡೆದಿತ್ತು, ಹುಲಿಗೆಮ್ಮನ ಫೋಟೋ ಕಳುವಾಗುವವರೆಗೆ.

ಹುಲಿಗೆಮ್ಮ ಸಿರುಗುಪ್ಪದ ಕಡೆ ಭತ್ತದ ನಾಟಿಗೆ ಹೋಗುವ ಮುದುಕಿ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಬಾಯಲ್ಲಿ ಎಲ್ಲರಿಗಿಂತ ಜೋರು. ಕೈಯಲ್ಲಿ ಸಸಿಯ ಸೂಡು, ಕೆನ್ನೆಗೆ ಕೆಸರು, ಕಣ್ಣು ಮುಚ್ಚುವಷ್ಟು ನಗು. ಅದು ತಮ್ಮನ ಜೀವಮಾನದ ಬೆಸ್ಟ್ ಪಿಕ್ಚರ್. ಪ್ರಿಂಟ್ ಕೊಡಲು ಹೋದಾಗ ನಾನೂ ಜೊತೆಗಿದ್ದೆ.

“ಮೊಬೈಲ್‌ನ್ಯಾಗ ಹಾಕ್ಲೇನವ್ವಾ?” ಎಂದು ಕೇಳಿದ.

“ಹಾಕಪ್ಪಾ. ಅಲ್ಲಿ ನನಗ ಯಾರೂ ಏನೂ ಅನ್ನಾಂಗಿಲ್ಲಲ್ಲಾ?”

“ನಾ ಅದೀನಲ್ಲವ್ವಾ” ಎಂದ ನನ್ನ ತಮ್ಮ.

ಎಷ್ಟು ಸುಲಭದ ಮಾತು ನೋಡಿ! ಕೆಲವು ತಿಂಗಳಿಗೆ ಅವಳ ಹಿರಿಯ ಮಗ, ಟ್ರ್ಯಾಕ್ಟರ್ ಓಡಿಸುವವನು, ಸ್ಟುಡಿಯೋಕ್ಕೆ ಬಂದು ಮೊಬೈಲನ್ನು ಮೇಜಿನ ಮೇಲೆ ಕುಕ್ಕಿದ. ಅದರಲ್ಲಿ ಹುಲಿಗೆಮ್ಮ. ಯಾರೋ ಸಸಿ ಕತ್ತರಿಸಿದ್ದರು, ಗದ್ದೆ ಕತ್ತರಿಸಿದ್ದರು, ಬಣ್ಣ ತೆಗೆದು ಕಪ್ಪುಬಿಳುಪು ಮಾಡಿದ್ದರು. ಮುಚ್ಚಿದ ಕಣ್ಣು, ಕೆಸರಿನ ಕೆನ್ನೆ ಮಾತ್ರ ಉಳಿದು, ಆ ನಗು ಅಳುವಿನಂತೆ ಕಾಣುತ್ತಿತ್ತು. ಕೆಳಗೆ ಬರೆದಿತ್ತು: ‘ಹೆತ್ತ ಮಕ್ಕಳೇ ಬೀದಿಗೆ ತಳ್ಳಿದ ತಾಯಿ. ಕಲ್ಲು ಹೃದಯದವರು ಶೇರ್ ಮಾಡಬೇಡಿ.’ ಎಲ್ಲರೂ ಮೃದು ಹೃದಯದವರೇ ಇರಬೇಕು, ಊರೂರಿಗೆ ಹಬ್ಬಿತ್ತು.

“ಚಹಾದಂಗಡ್ಯಾಗ ಮಂದಿ ಮಾರಿ ತಿರುವ್ತಾರ್ರೀ” ಎಂದ ಮಗ. “ನನ್ನ ತಮ್ಮಗ ಕುರುಗೋಡಿನ ಹುಡುಗಿ ನಿಕ್ಕಿ ಆಗಿತ್ರಿ. ಹಡದವ್ವನ್ನ ಹೊರಗ ಹಾಕೋ ಮನಿಗೆ ಹೆಣ್ಣು ಕೊಡಾಂಗಿಲ್ಲ ಅಂತ ಹೇಳಿ ಕಳಿಸ್ಯಾರ. ನಮ್ಮವ್ವ ಅನ್ನ ಮುಟ್ಟಿಲ್ಲ. ನೀವು ಅದೀನಿ ಅಂದಿದ್ರಂತ. ಎಲ್ಲಿ ಅದೀರಿ ಸಾರ್?”

ತಮ್ಮನ ಮುಖ ನೋಡಲಾಗಲಿಲ್ಲ. ಚಹಾ ತರಿಸಿದರೂ ಆ ಹುಡುಗ ಮುಟ್ಟಲಿಲ್ಲ.

ಆ ಸುಳ್ಳು ಹಾಕಿದ ಪೇಜ್ ನಡೆಸುವವನನ್ನು ಹುಡುಕಿದರೆ, ದೂರದವನಲ್ಲ, ಕುರುಗೋಡಿನಲ್ಲೇ ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟ ಗಟ್ಟಿ ಆಳು. ತಮ್ಮ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟ. ‘ಜಂಟಲ್‌ಮನ್ ಹಾಗೆ ಮಾತಾಡು’ ಎಂದು ದಾರಿಯುದ್ದಕ್ಕೂ ಹೇಳಿದೆ. ಹೇಳುವುದೇ ಬೇಡವಿತ್ತು.

“ಅದು ಗೂಗಲ್‌ನ್ಯಾಗ ಇತ್ರಿ” ಎಂದ ಅಂಗಡಿಯವನು. “ಗೂಗಲ್‌ನ್ಯಾಗ ಇದ್ದದ್ದು ಎಲ್ಲಾರದೂ ಅಲ್ಲೇನ್ರಿ?”

“ನಿನ್ನ ಬೈಕು ರೋಡಿನ್ಯಾಗ ಐತಲ್ಲಪ್ಪಾ, ಅದೂ ಎಲ್ಲಾರದೂ ಏನು?”

“ಒಳ್ಳೇದಕ್ಕ ಹಾಕಿನ್ರಿ ಯಜಮಾನ್ರ. ಓದಿ ಮಂದಿ ಅತ್ತಾರ. ನಾನೂ ಅತ್ತೀನಿ!”

“ಹಂಗಾದ್ರ ಅಕೀನ್ನ ನೋಡಬೇಕು ನೀನು. ಅಂಗಡಿ ಶಟರ್ ಎಳಿ. ನಡಿ.”

ಏಕೆ ಬಂದನೋ! ಬಹುಶಃ ನನ್ನ ಬಿಳಿ ಕೂದಲು ನೋಡಿ ಪೊಲೀಸಿಗಿಂತ ಹೆದರಿದ. ಸಿರುಗುಪ್ಪದ ಗದ್ದೆಯ ಬದುವಿನ ಮೇಲೆ ಅವನನ್ನು ನಿಲ್ಲಿಸಿ ತಮ್ಮ ಕೂಗಿದ: “ಹುಲಿಗೆವ್ವಾ, ಇವ ಕುರುಗೋಡಿನಾಂವ. ನಿನ್ನ ಮಕ್ಕಳು ನಿನ್ನ ಬೀದಿಗೆ ಹಾಕ್ಯಾರಂತ ಊರಿಗೆಲ್ಲಾ ಹೇಳಿದಾಂವ.”

ಹುಲಿಗೆಮ್ಮ ಸೊಂಟ ನೆಟ್ಟಗೆ ಮಾಡಿದಳು. “ನನ್ನ ಅವರು ಹಾಕ್ತಾರ? ನಾ ಅವರನ್ನ ಹಾಕಬೇಕು! ಮನಿ ನಂದು, ಎಮ್ಮಿ ನಂದು, ಬಡಿಗಿ ನಂದು! ನಮ್ಮ ಹಿರ್ಯಾವ ಇವತ್ತಿಗೂ ನನ್ನ ಕೇಳಲಾರದ ಬೀಡಿ ಸೇದಾಂಗಿಲ್ಲ! ಇಳೀ ಕೆಳಗ!”

ಇಳಿದ. ಅವಳು ಒಂದು ಸೂಡು ಸಸಿ ಅವನ ಕೈಗೆ ತುರುಕಿ ನಾಟಿಗೆ ಹಚ್ಚಿದಳು. ಅವನು ನೆಟ್ಟದ್ದನ್ನು ಹಿಂದಿನವಳು ಕಿತ್ತು ನೆಡಬೇಕಾಯಿತು ಎನ್ನುವುದು ಬೇರೆ ಮಾತು. ಹೆಂಗಸರ ಸಾಲು ನಕ್ಕು ನಕ್ಕು ಕೆಲಸ ನಿಂತಿತು. ಸೊಂಟ ಹಿಡಿದುಕೊಂಡು ಎದ್ದವನನ್ನು ಹುಲಿಗೆಮ್ಮ, “ಉಂಡಿಯೇನು?” ಎಂದು ಕೇಳಿದಳು. ತನ್ನ ಬುತ್ತಿಯ ರೊಟ್ಟಿ, ಖಾರ ಕೊಟ್ಟಳು. ಆಗ ನೋಡಿ, ಅವನು ಅತ್ತುಬಿಟ್ಟ, ನಿಜವಾಗಿ! ಖಾರಕ್ಕೋ, ಕರುಳಿಗೋ ನಾನು ಕೇಳಲಿಲ್ಲ.

ಅದೇ ಸಂಜೆ ಪೇಜಿನಲ್ಲಿ ಸುಳ್ಳು ಅಳಿಸಿ, ತಪ್ಪಾಯಿತು ಎಂದು ಹಾಕಿದ. ಅಷ್ಟಕ್ಕೆ ಬಿಟ್ಟನೇ ನನ್ನ ತಮ್ಮ? ಅವನನ್ನು ಕರೆದುಕೊಂಡು ಕುರುಗೋಡಿನ ಹುಡುಗಿಯ ಮನೆಗೆ ಹೋಗಿ, “ನಾ ಹೇಳಿದ್ದು ಸುಳ್ಳು” ಎಂದು ಬಾಯಿಬಿಟ್ಟು ಹೇಳಿಸಿದ. ಹುಡುಗಿಯ ಅಜ್ಜ ಅಂಗಡಿಯವನನ್ನು ಮೇಲಿಂದ ಕೆಳಗೆ ನೋಡಿ, “ಎಲಿ ಅಡಕಿ ಕೊಡ್ರಿ ಅವರಿಗೆ” ಎಂದಾಗ ನನಗೆ ಉಸಿರು ಬಂತು. ಮುರಿದ ಮಾತು ಕೂಡಿತು.

ಹಿರಿಯ ಮಗ ಲಗ್ನಕ್ಕೆ ಕರೆಯಲು ಬಂದ. ಈ ಸಲ ಚಹಾ ಕುಡಿದ. ಹೊಸ್ತಿಲಲ್ಲಿ ನಿಂತು ಹೇಳಿದ: “ಸಾರ್, ತಪ್ಪು ತಿಳೀಬ್ಯಾಡ್ರಿ. ಇನ್ನ ಮ್ಯಾಲೆ ನಮ್ಮವ್ವನ ಫೋಟೋ ತಗೀಬ್ಯಾಡ್ರಿ. ನಿಮ್ಮ ಕೈಯಾಗ ಛಲೋನಾ ಇರ್ತೈತಿ, ಆಮ್ಯಾಲೆ ಯಾರ ಕೈಗೆ ಹೊಕ್ಕೈತೋ. ಮಾತು ಕೊಡ್ರಿ.”

ತಮ್ಮ ಕೊಟ್ಟ. ಕೊಟ್ಟು ಒಳಗೆ ಬಂದು ತನ್ನ ಪೇಜಿನಿಂದಲೂ ಆ ಫೋಟೋ ತೆಗೆದುಹಾಕಿದ.

“ಲೇ, ಅದು ನಿನ್ನ ಬೆಸ್ಟ್ ಪಿಕ್ಚರ್ ಅಲ್ಲೇನೋ?” ಎಂದೆ.

“ಹೌದಕ್ಕಾ” ಎಂದ. ಅಷ್ಟೇ.

ಮರುವರ್ಷ ನಾಟಿಯ ಕಾಲಕ್ಕೆ, ಒಂದು ತೊಟ್ಟಿಲ ಕಾರ್ಯ ಮುಗಿಸಿ ಅದೇ ದಾರಿಯಲ್ಲಿ ಬರುತ್ತಿದ್ದೆವು. ಕಾಲುವೆ ಪಕ್ಕದ ಗದ್ದೆಯಿಂದ ಒಂದು ಕೂಗು: “ಏ ಫೋಟೋದಪ್ಪಾ! ಕಂಡೂ ಕಾಣಲಾರದಂಗ ಹೊಂಟಿಯೇನು?”

ಕಾರು ನಿಂತಿತು. ಹುಲಿಗೆಮ್ಮ ಬಹಳ ಇಳಿದುಹೋಗಿದ್ದಳು, ದನಿ ಮಾತ್ರ ಇಳಿದಿರಲಿಲ್ಲ. ಕಾಲುವೆ ನೀರಿನಲ್ಲಿ ಮುಖ ತೊಳೆದು, ಸೆರಗು ಸರಿಮಾಡಿಕೊಂಡು ಬಿಸಿಲಿಗೆ ಮುಖವೊಡ್ಡಿ ನಿಂತಳು. “ಸೊಸಿ ಬಂದ ಮ್ಯಾಲೆ ಒಂದೂ ತಗಸಿಲ್ಲ. ಹೊಡಿ ಒಂದು.”

“ನಿನ್ನ ಮಗ ಬೈತಾನವ್ವಾ.”

“ಅವ ಎಲ್ಲಿ ನೋಡ್ತಾನ? ನೀ ಹೊಡಿಯಪ್ಪಾ. ಎಷ್ಟು ದಿವಸ ಇರ್ತೀನೋ ಏನೋ.”

ತಮ್ಮ ಬದುವಿನ ಮೇಲೆ ನಿಂತು ಕ್ಯಾಮೆರಾ ಎತ್ತಿದ. ಲೆನ್ಸಿನ ಮುಚ್ಚಳ ಹಾಗೇ ಇತ್ತು! ವಯಸ್ಸಾಯಿತು ಪಾಪ, ಮರೆತ ಎಂದು ಬಾಯಿ ತೆರೆಯಹೋದೆ. ಅವನು ನನ್ನ ಕಡೆ ಒಮ್ಮೆ ನೋಡಿದ, ನಾನು ಬಾಯಿ ಮುಚ್ಚಿದೆ. ಕ್ಯಾಮೆರಾದ ಮೇಲಿಂದ, ಬರಿಗಣ್ಣಿನಿಂದ, ಅವಳನ್ನೇ ನೋಡುತ್ತ ನಿಂತ. ಬಹಳ ಹೊತ್ತು ನಿಂತ. ಆಮೇಲೆ ಬಟನ್ ಒತ್ತಿದ.

“ಛಲೋ ಬಂತೇನಪ್ಪಾ?”

“ಭಾಳ ಛಲೋ ಬಂತವ್ವಾ.”

ಮುಚ್ಚಳ ತೆಗೆಯದ ಕ್ಯಾಮೆರಾವನ್ನು ನನ್ನ ಮಡಿಲಲ್ಲಿಟ್ಟು ತಮ್ಮ ಕಾರು ಶುರು ಮಾಡಿದ. ಆ ಸಲದ ಸುಗ್ಗಿಗೆ ಹುಲಿಗೆಮ್ಮ ಇರಲಿಲ್ಲ. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಆವತ್ತೇ, ಕಾರಿನ ಹಿಂದಿನ ಗಾಜಿನಿಂದ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಕೆಸರಿಗಿಳಿದು, ಸಾಲಿನಲ್ಲಿ ತನ್ನ ಜಾಗಕ್ಕೆ ಹೋಗಿ ಬಗ್ಗಿದಳು. ಆಮೇಲೆ ಬಗ್ಗಿದ ಬೆನ್ನುಗಳಲ್ಲಿ ಯಾವುದು ಅವಳದು ಎಂದು ನನಗೆ ಗುರುತು ಹತ್ತಲಿಲ್ಲ. ತಮ್ಮ ಮಾತ್ರ ಕನ್ನಡಿಯಲ್ಲಿ ಒಂದೇ ಕಡೆ ನೋಡುತ್ತಿದ್ದ.