ಸುಟ್ಟ ಮೋಟರ್ ಮತ್ತು ನನ್ನ ಐದು ಅಂಶಗಳು

ಬೀದರಿನ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ರಾಣಿ. ಪರವಾಗಿ ಮಾತಾಡು ಎಂದರೆ ಪರ, ವಿರೋಧ ಎಂದರೆ ವಿರೋಧ. ಗೆಲುವು ಮಾತ್ರ ಯಾವಾಗಲೂ ನನ್ನದೇ. ಇಂಥ ನಾಲಿಗೆ ಇದ್ದವಳಿಗೆ ಭಾಲ್ಕಿಯ ಪಂಪ್‌ಸೆಟ್ ಅಂಗಡಿಯ ಕೆಲಸ ಯಾವ ಲೆಕ್ಕ!

ಮೂರು ತಿಂಗಳು ನೋಡಿ ಕಾಯಂ ಮಾಡುತ್ತೇನೆ ಎಂದಿದ್ದರು ಮಾಲೀಕರಾದ ಕಾಶಪ್ಪನವರು. ಅಪ್ಪನೂ ಒಂದು ಕರಾರು ಹಾಕಿದ್ದ: "ಕೆಲಸ ಕಾಯಂ ಆತಂದ್ರ ಎರಡು ವರ್ಷ ಲಗ್ನದ ಮಾತು ಎತ್ತಂಗಿಲ್ಲ. ಆಗ್ಲಿಲ್ಲಂದ್ರ ಗಂಡು ನೋಡ್ತೀನಿ."

ಮೂರನೇ ತಿಂಗಳ ಕೊನೆಯ ವಾರ ಕಾಶಪ್ಪನವರು ಬೀದರಿಗೆ ಹೊರಟು ನಿಂತು ಹೇಳಿದರು: "ಭಾತಂಬ್ರಾದ ಮಾರುತಿ ಕಾಕಾ ಸುಟ್ಟ ಮೋಟರ್ ತರ್ತಾನ. ಬೈದ್ರ ಬೈಸ್ಕೋ. ಚಹಾ ತರ್ಸು. ಉಳಿದದ್ದು ನಾ ಬಂದು ನೋಡ್ತೀನಿ."

ಇದರಲ್ಲಿ ವಾದಿಸು ಎಂಬ ಮಾತೇ ಇರಲಿಲ್ಲ. ಹೇಳಲು ಮರೆತಿರಬೇಕು ಎಂದುಕೊಂಡೆ.

ಕಾಕಾ ಆಟೋದಿಂದ ಮೋಟರ್ ಇಳಿಸಿದವರೇ ಕೂಗಿದರು: "ಏನ್ ಮಾಲ್ ಕೊಟ್ಟೀರಿ! ತಿಂಗಳು ಆಗಿಲ್ಲ, ಸುಟ್ಟು ಕರ್ರಗಾಗ್ಯಾದ! ಮೋಸದ ಅಂಗಡಿ!"

"ಮಾನ್ಯರೇ," ಎಂದೆ ನಾನು. ಖರೇ, ಮಾನ್ಯರೇ ಎಂದೇ ಅಂದೆ!

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳನ್ನೇ ಸಭೆ ಎಂದು ಭಾವಿಸಿ ಐದು ಅಂಶ ಮಂಡಿಸಿದೆ. ಬಾವಿ ಬತ್ತಿದ್ದನ್ನು ಅವರ ಬಾಯಿಂದಲೇ ಹೇಳಿಸಿದೆ. ನೀರಿಲ್ಲದೆ ಓಡಿದ ಮೋಟರ್ ಸುಡುತ್ತದೆ ಎಂದೆ. "ಹಾಗಾದರೆ ತಪ್ಪು ಯಾರದು?"

"ನಂದೇ ಬಿಡು, ತಂಗಿ." ಕಾಕಾ ಮೋಟರನ್ನು ಅಲ್ಲೇ ಬಿಟ್ಟು ಹೋದರು. ಚಪ್ಪಾಳೆಗಾಗಿ ತಿರುಗಿ ನೋಡಿದೆ. ಗಿರಾಕಿಗಳೂ ಇರಲಿಲ್ಲ!

ಸಂಜೆ ಹೆಮ್ಮೆಯಿಂದ ವರದಿ ಒಪ್ಪಿಸಿದೆ. "ಗೆದ್ದೆನ್ರಿ, ಸಾವಕಾರ್ರ!"

"ಯಾರ ಮ್ಯಾಲ?"

"ಮಾರುತಿ ಕಾಕಾನ ಮ್ಯಾಲ್ರಿ."

ಕಾಶಪ್ಪನವರು ಹಣೆ ಹಿಡಿದು ಕುಳಿತರು. "ಅವ ಏನ್ ವೈರಿ ಏನವ್ವಾ? ಅವನ ಮಾತು ಕೇಳಿ ಅರ್ಧ ಊರು ನಮ್ಮಲ್ಲಿಗಿ ಬರ್ತದ. ನಾಳಿ ಹೋಗಿ ತಪ್ಪಾಯ್ತು ಅಂದು ಬಾ. ಅಷ್ಟೇ ಅನ್ನು. ಮುಂದ ಏನೂ ಅನಬ್ಯಾಡ."

ನಾಲಿಗೆ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಆರು ಸೆಮಿಸ್ಟರಿನಲ್ಲಿ ಒಂದು ಪಾಠವೂ ಇರಲಿಲ್ಲ. ಇದ್ದಿದ್ದರೆ ಆ ಪಾಠದ ವಿರುದ್ಧವೂ ವಾದಿಸುತ್ತಿದ್ದೆ.

ಮರುದಿನ ಭಾತಂಬ್ರಾಕ್ಕೆ ಹೋದೆ. ಕಟ್ಟೆಯ ಮೇಲೆ ಕಾಕಾ, ಅವರ ಹೆಂಡತಿ ಗಂಗಾಬಾಯಿ, ನಾಲ್ಕು ಜನ ನೆರೆಯವರು.

"ತಪ್ಪಾಯ್ತ್ರಿ, ಕಾಕಾ."

ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು. ಆದರೆ ಕ್ಷಮಾಪಣೆಗೂ ಸಮರ್ಥನೆ ಬೇಕಲ್ಲ! "ನೀವು ನೀರಿಲ್ದೆ ಮೋಟರ್ ಓಡಿಸಿದ್ದು ಖರೆ ಇದ್ರೂ, ಅದನ್ನ ನಾ ಎಲ್ಲರ ಮುಂದ ಹೇಳಬಾರದಿತ್ರಿ," ಎಂದು ಎಲ್ಲರ ಮುಂದೆ ಹೇಳಿದೆ!

ಗಂಗಾಬಾಯಿ ಗಂಡನ ಕಡೆ ತಿರುಗಿದರು. "ನೀರಿಲ್ದೆ ಓಡಿಸಿದ್ರೇನು? ಅಂಗಡಿಯವರು ಖೋಟಾ ಮಾಲ್ ಕೊಟ್ಟಾರ ಅಂದಿದ್ರಿ ನನಗ?"

ನೆರೆಯವರು ಕಿಸಕ್ಕನೆ ನಕ್ಕರು. ಕಾಕಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೆಲ್ಲಗೆ ಕೇಳಿದರು: "ತಂಗಿ, ಮೋಟರ್ ಮಾರಿದಾಕಿ ನೀನೇ ಅಲ್ಲ? ನೀರಿಲ್ದೆ ಓಡಿಸಬ್ಯಾಡ್ರಿ ಅಂತ ಅವತ್ತೇ ಒಂದ್ ಮಾತು ಅಂದಿದ್ರ ಏನಾಗ್ತಿತ್ತು?"

ಅಂದು ಬೇರೆ ಕಂಪನಿಯ ಮೋಟರ್ ಏಕೆ ಕೆಟ್ಟದ್ದು ಎಂದು ಅರ್ಧ ಗಂಟೆ ಮಾತಾಡಿದ್ದೆ. ಆ ಒಂದು ಮಾತು ಮಾತ್ರ ಆಡಿರಲಿಲ್ಲ. ಕಾಕಾನ ಮುಖ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಭಾತಂಬ್ರಾದ ಸುದ್ದಿ ಕಿವಿಗೆ ಬಿದ್ದು ಶನಿವಾರ ಕಾಶಪ್ಪನವರು ಕರೆದರು. "ನೀ ಹೇಳಿದ್ದೆಲ್ಲಾ ಖರೆನೇ ಅದ, ತಂಗಿ. ಸೋಮವಾರದಿಂದ ಬರಬ್ಯಾಡ."

ಈ ಭಾನುವಾರ ಔರಾದಿನಿಂದ ಗಂಡಿನ ಕಡೆಯವರು ಬರುತ್ತಾರಂತೆ. ಅಪ್ಪನೆದುರು ವಾದಿಸಲು ಹತ್ತು ಅಂಶ ಸಿದ್ಧ ಮಾಡಿಟ್ಟುಕೊಂಡಿದ್ದೆ. ಮೊದಲನೆಯದು, 'ನನಗೆ ಕಾಯಂ ಕೆಲಸವಿದೆ.' ಉಳಿದ ಒಂಬತ್ತೂ ಅದರ ಮೇಲೆಯೇ ನಿಂತಿದ್ದವು!